ದೇವರು ಮೌನವಾಗಿದ್ದರೆ ಅದಕ್ಕೆ ನಮ್ಮ ಪಾಪವೇ ಕಾರಣವೇ? ಪಶ್ಚಾತ್ತಾಪ, ಪ್ರಾರ್ಥನೆ ಮತ್ತು ದೇವರ ಮಾತಿಗೆ ಕಿವಿಗೊಡುವುದರ ಕುರಿತು

ಕಟಪಾಡಿಯ ಸಹೋದರಿ

ಎಲ್ಲರಿಗೂ ನಮಸ್ಕಾರ. ಈ ಬಳಗದಲ್ಲಿ ಕಥೋಲಿಕರೂ ಸಿ.ಎಸ್.ಐ. (ದಕ್ಷಿಣ ಭಾರತ) ಸಭೆಯವರೂ ಸ್ವತಂತ್ರ ಸಭೆಗಳವರೂ ಇರುವುದರಿಂದ, ಕೆಲವು ಕಾಲದಿಂದ ಮನಸ್ಸನ್ನು ಕೊರೆಯುತ್ತಿರುವ ಪ್ರಶ್ನೆಯೊಂದನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮ ವಾರ್ಡಿನ ಮನೆಗಳಲ್ಲಿ ಸರದಿಯಂತೆ ಪ್ರಾರ್ಥನಾ ಕೂಟ ನಡೆಯುತ್ತದೆ. ಈ ಸಲ ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ಪಶ್ಚಾತ್ತಾಪದ ವಿಷಯವಾಗಿ ಮಾತನಾಡುತ್ತಾ, ಎಷ್ಟು ಪ್ರಾರ್ಥಿಸಿದರೂ ದೇವರು ಉತ್ತರ ಕೊಡುತ್ತಿಲ್ಲವೆಂದರೆ ಆ ಮನೆಯಲ್ಲಿ ನಿವೇದಿಸದೆ ಬಚ್ಚಿಟ್ಟಿರುವ ಪಾಪ ಯಾವುದೋ ಒಂದು ಇದ್ದೇ ಇರುತ್ತದೆ ಎಂದು ಖಡಾಖಂಡಿತವಾಗಿ ಹೇಳಿದರು. ಕೂಟದಲ್ಲಿ ಒಬ್ಬ ಮಹಿಳೆ ಇದ್ದರು. ಅವರ ಪತಿಯ ಮೂತ್ರಪಿಂಡಗಳು ಕೆಟ್ಟಿವೆ. ಡಯಾಲಿಸಿಸ್‌ಗೆಂದು ಅವರನ್ನು ಬಸ್ಸಿನಲ್ಲಿ ಕರೆದೊಯ್ದು ಕರೆತರುವುದರಲ್ಲೇ ಆಕೆಯ ವಾರ ಮುಗಿದುಹೋಗುತ್ತದೆ. ಬೋಧಕರು ಅವರನ್ನು ಉದ್ದೇಶಿಸಿ ಹೇಳಲಿಲ್ಲವೆಂದೇ ನಾನು ನಂಬುತ್ತೇನೆ. ಆದರೆ ಆ ಮಾತು ಅವರಿಗೇ ನಾಟಿತು. ಜಪಸರ ಮುಗಿಯುವುದಕ್ಕೆ ಮುಂಚೆಯೇ ಅವರು ಎದ್ದುಹೋದರು, ಆ ಬಳಿಕ ಕೂಟಕ್ಕೆ ಬಂದಿಲ್ಲ.

ನನ್ನ ಪ್ರಶ್ನೆ ಎರಡು. ಬೋಧಕರು ಹೇಳಿದ್ದಕ್ಕೆ ಪವಿತ್ರ ಗ್ರಂಥದಲ್ಲಿ ಆಧಾರವಿದೆಯೇ? ಮತ್ತು ಪ್ರಾರ್ಥನೆಯಲ್ಲಿ ನಾವು ದೇವರಿಗೆ ಹೇಳುವುದನ್ನು ಬಲ್ಲೆವು, ದೇವರು ಹೇಳುವುದನ್ನು ಕೇಳಿಸಿಕೊಳ್ಳುವುದು ಎಂದರೆ ನಿಜವಾಗಿ ಏನು? ನನ್ನದೇ ಮನಸ್ಸಿನ ಆಸೆಯನ್ನು ನಾನು ದೇವರ ಸ್ವರವೆಂದು ತಿಳಿಯುತ್ತಿಲ್ಲ ಎಂದು ಹೇಗೆ ಖಚಿತಪಡಿಸಿಕೊಳ್ಳಲಿ?

ಬಲ್ಮಠದ ಓದುಗ

ಸಹೋದರಿಯವರೇ, ಮೊದಲ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ. ಆಧಾರವಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ನೀವು ಎಷ್ಟು ಪ್ರಾರ್ಥನೆ ಮಾಡಿದರೂ ನಾನು ಕೇಳುವುದಿಲ್ಲ ಎಂದು ದೇವರು ಹೇಳುವ ಮಾತು ಪ್ರವಾದಿ ಯೆಶಾಯನ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿದೆ. ನಿಮ್ಮ ಅಪರಾಧಗಳು ನಿಮ್ಮನ್ನೂ ನಿಮ್ಮ ದೇವರನ್ನೂ ಅಗಲಿಸಿವೆ ಎಂಬ ಮಾತು 59ನೆಯ ಅಧ್ಯಾಯದಲ್ಲಿದೆ. 66ನೆಯ ಕೀರ್ತನೆಯಲ್ಲೂ ಇದೇ ಅರ್ಥದ ವಚನವಿದೆ. ಬೋಧಕರು ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತನಾಡಿರಬೇಕು.

ಆದರೆ ಈ ಮಾತುಗಳನ್ನು ಪ್ರವಾದಿಯು ಯಾರಿಗೆ ಹೇಳಿದನು ಎಂಬುದನ್ನು ಬಿಟ್ಟು ಓದಿದರೆ ಅವು ಬೇರೆಯವರ ಮೇಲೆ ಬೀಳುತ್ತವೆ. ಮೊದಲನೆಯ ಅಧ್ಯಾಯದಲ್ಲಿ ದೇವರು ಕಿವಿಮುಚ್ಚಿಕೊಂಡದ್ದು ರಕ್ತದಿಂದ ತುಂಬಿದ ಕೈಗಳನ್ನು ಚಾಚಿ ಪ್ರಾರ್ಥಿಸುವವರಿಗೆ, ಅನಾಥನ ನ್ಯಾಯವನ್ನೂ ವಿಧವೆಯ ವ್ಯಾಜ್ಯವನ್ನೂ ತಳ್ಳಿಬಿಟ್ಟ ಅಧಿಪತಿಗಳಿಗೆ. 59ನೆಯ ಅಧ್ಯಾಯದಲ್ಲಿಯೂ ಆ ವಚನದ ಮುಂದೆಯೇ ಸುಳ್ಳಾಡುವ ತುಟಿ, ನ್ಯಾಯಸ್ಥಾನದಲ್ಲಿ ಸತ್ಯವನ್ನು ಹಿಡಿಯದ ವಾದಿಗಳು ಬರುತ್ತಾರೆ. ಪೇತ್ರನ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಪ್ರಾರ್ಥನೆಗೆ ಅಡ್ಡಿಯಾಗುವ ಇನ್ನೊಂದು ಕಾರಣ ಹೇಳಿದೆ. ಅದನ್ನು ನಮ್ಮ ಕೂಟಗಳಲ್ಲಿ ಓದುವುದನ್ನು ನಾನು ಹೆಚ್ಚಾಗಿ ಕೇಳಿಲ್ಲ. ನಿಮ್ಮ ಪ್ರಾರ್ಥನೆಗಳಿಗೆ ಅಡ್ಡಿಯಾಗದಂತೆ ಹೆಂಡತಿಯರಿಗೆ ಮಾನ ಸಲ್ಲಿಸಿರಿ ಎಂದು ಅಲ್ಲಿ ಗಂಡಂದಿರಿಗೆ ಅಪ್ಪಣೆಯಾಗಿದೆ. ಅಂದರೆ ಪಾಪದಿಂದ ಪ್ರಾರ್ಥನೆ ತಡೆಯಲ್ಪಡುತ್ತದೆ ಎಂದು ಯೆಶಾಯನೂ ಪೇತ್ರನೂ ಹೇಳುವ ಈ ಕಡೆಗಳಲ್ಲಿ ಆ ಪಾಪ ಗುಪ್ತವೂ ಅಲ್ಲ, ಅಸ್ಪಷ್ಟವೂ ಅಲ್ಲ. ಪ್ರಾರ್ಥಿಸುವವನ ಕೈಯಿಂದ ಇನ್ನೊಬ್ಬ ಮನುಷ್ಯನಿಗೆ ಆಗುತ್ತಿರುವ ಅನ್ಯಾಯವದು.

ಇದಕ್ಕೆ ತಿರುಗುಮುರುಗಾದ ವಾದ, ಅಂದರೆ ಕಷ್ಟ ಬಂದಿದೆ, ಆದ್ದರಿಂದ ಪಾಪವಿರಬೇಕು ಎಂಬ ವಾದ, ಗ್ರಂಥದಲ್ಲಿಯೇ ಖಂಡಿಸಲ್ಪಟ್ಟಿದೆ. ನೀತಿವಂತನಾಗಿದ್ದೂ ಕಷ್ಟಕ್ಕೊಳಗಾದ ಯೋಬನ ಮೂವರು ಗೆಳೆಯರು ಬಹು ಪಾಂಡಿತ್ಯದಿಂದ ಅದನ್ನೇ ಮಂಡಿಸಿದರು. ಕೊನೆಗೆ ದೇವರು ಕೋಪಗೊಂಡದ್ದು ಅವರ ಮೇಲೆ, ಯೋಬನ ಮೇಲಲ್ಲ. ಹುಟ್ಟುಕುರುಡನನ್ನು ಕಂಡು ಯಾರ ಪಾಪದಿಂದ ಹೀಗಾಯಿತೆಂದು ಶಿಷ್ಯರು ಕೇಳಿದಾಗ, ಇವನ ಪಾಪವೂ ಅಲ್ಲ, ತಂದೆತಾಯಿಗಳ ಪಾಪವೂ ಅಲ್ಲ ಎಂದು ಯೇಸು ಹೇಳಿದರು. ಸಿಲೋವದ ಗೋಪುರ ಕುಸಿದು ಸತ್ತ 18 ಮಂದಿ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೇ ಎಂದು ಕೇಳಿ, ಅಲ್ಲವೆಂದು ಅವರೇ ಉತ್ತರಿಸಿ, ತಕ್ಷಣ ಕೇಳುಗರ ಕಡೆಗೆ ತಿರುಗಿ, ನೀವು ಪಶ್ಚಾತ್ತಾಪಪಡಿರಿ ಎಂದರು. ಪಶ್ಚಾತ್ತಾಪದ ಕರೆ ಅಲ್ಲಿ ನೋಡುತ್ತಾ ನಿಂತವರಿಗೆ ಬಂತೇ ಹೊರತು ಗೋಪುರದ ಅಡಿಯಲ್ಲಿ ಸಿಕ್ಕವರಿಗಲ್ಲ. ಆ ಬೋಧಕರು ಇದನ್ನು ಬಲ್ಲವರಾಗಿದ್ದರೆ, ಡಯಾಲಿಸಿಸ್ ರೋಗಿಯ ಮನೆಯವರನ್ನು ಬಿಟ್ಟು ಅಲ್ಲಿ ಕುಳಿತಿದ್ದ ಉಳಿದವರೆಲ್ಲರನ್ನೂ, ನೀವು ಆ ಮನೆಗೆ ಏನು ಮಾಡಿದ್ದೀರಿ ಎಂದು ಕೇಳುತ್ತಿದ್ದರು ಎಂಬುದು ನನ್ನ ಅಭಿಪ್ರಾಯ.

ಜೆಪ್ಪಿನ ಹಿರಿಯ

ಬಲ್ಮಠದವರು ಸರಿಯಾಗಿ ಬರೆದಿದ್ದಾರೆ. ಒಂದು ಮಾತು ಸೇರಿಸುತ್ತೇನೆ. 1784ರಲ್ಲಿ ಟಿಪ್ಪು ಸುಲ್ತಾನನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದುಹೋದ ನಮ್ಮ ಪೂರ್ವಜರು ಬಿಡುಗಡೆಗಾಗಿ 1799ರವರೆಗೆ ಕಾಯಬೇಕಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ತೀರಿಹೋದರು. ಆ ವರ್ಷಗಳಲ್ಲಿ ಅವರು ಪ್ರಾರ್ಥಿಸಲಿಲ್ಲವೇ? ಅಡಗಿಸಿಟ್ಟ ಪಾಪದಿಂದಾಗಿ ಅವರ ಪ್ರಾರ್ಥನೆ ತಡವಾಯಿತೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಸತ್ತವರಿಗೆ ಹೇಳಲಾಗದ ಮಾತನ್ನು ಬದುಕಿರುವ ಆ ತಾಯಿಗೆ ಹೇಳುವುದು ಹೇಗೆ?

ಸಹೋದರಿಯವರೇ, ಆಕೆ ಕೂಟಕ್ಕೆ ಬರುತ್ತಿಲ್ಲವೆಂದು ಬರೆದಿದ್ದೀರಿ. ನೀವು ಆಕೆಯ ಮನೆಗೆ ಹೋದಿರಾ?

ಸುರತ್ಕಲ್ಲಿನ ಸೇವಕ

ಪ್ರೀತಿಯ ಸಹೋದರ ಸಹೋದರಿಯರೇ, ನಾನು ಪ್ರಾರ್ಥನಾ ಕೂಟಗಳಲ್ಲಿ ಸೇವೆ ಮಾಡುವವನು. ಆ ಮಹಿಳೆಗಾದ ನೋವು ನನಗೆ ಅರ್ಥವಾಗುತ್ತದೆ. ಆದರೆ ಚರ್ಚೆ ಒಂದೇ ಕಡೆಗೆ ವಾಲುತ್ತಿದೆಯೆಂದು ನನಗೆ ಅನಿಸಿದ್ದರಿಂದ ಬರೆಯುತ್ತಿದ್ದೇನೆ. ಇಂದು ನಮ್ಮ ಸಭೆಗಳಲ್ಲಿ ಪಾಪವೆಂಬ ಮಾತನ್ನು ಎತ್ತುವುದಕ್ಕೇ ಹೆದರುವ ಕಾಲ ಬಂದಿದೆ. ಬಲಹೀನತೆ, ಸ್ವಭಾವ, ಪರಿಸ್ಥಿತಿ ಎಂಬ ಮೃದುವಾದ ಹೆಸರುಗಳನ್ನು ಕೊಟ್ಟು ನಾವು ಅದನ್ನು ದಾಟಿಹೋಗುತ್ತೇವೆ. ಸ್ನಾನಿಕ ಯೋಹಾನನು ಹಾಗೆ ಮಾತನಾಡಲಿಲ್ಲ. ಪೆಂತೆಕೋಸ್ತ ದಿನದಂದು ಪೇತ್ರನು ಹಾಗೆ ಮಾತನಾಡಲಿಲ್ಲ. ಅವನ ಮಾತು ಕೇಳಿದವರ ಹೃದಯದಲ್ಲಿ ಅಲಗು ನೆಟ್ಟಂತಾಗಿ, ನಾವು ಏನು ಮಾಡಬೇಕೆಂದು ಅವರು ಕೇಳಿದರು. ಆ ನೋವಿಲ್ಲದೆ ಮಾನಸಾಂತರ ಹುಟ್ಟುವುದಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಪೌಲನು ದೇವರ ಚಿತ್ತಾನುಸಾರವಾದ ದುಃಖವೆಂಬುದೊಂದು ಇದೆ, ಅದು ರಕ್ಷಣೆಗೆ ನಡೆಸುತ್ತದೆ ಎಂದು ಬರೆದಿದ್ದಾನೆ. ಕೇಳುಗರನ್ನು ಸಂತೈಸುವುದೊಂದೇ ನಮ್ಮ ಕೆಲಸವಾದರೆ ಆ ದುಃಖ ಎಲ್ಲಿಂದ ಬರಬೇಕು?

ಇನ್ನು ದೇವರು ಈಗಲೂ ಮಾತನಾಡುತ್ತಾನೆ. ಪ್ರಾರ್ಥಿಸುವಾಗ ಒಂದು ವಚನ, ಒಬ್ಬ ವ್ಯಕ್ತಿಯ ಮುಖ, ಒಂದು ಎಚ್ಚರಿಕೆ ಮನಸ್ಸಿಗೆ ಬರುತ್ತದೆ. ಅದನ್ನು ನಂದಿಸಬಾರದು.

ಕಲ್ಯಾಣಪುರದ ಶಿಕ್ಷಕಿ

ಸುರತ್ಕಲ್ಲಿನ ಸಹೋದರರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಪಾಪದ ಮಾತನ್ನು ಮೃದುಗೊಳಿಸಿ ಯಾರಿಗೂ ಉಪಕಾರವಾಗುವುದಿಲ್ಲವೆಂಬುದು ನಿಜ. ಆದರೆ ಅವರು ಎತ್ತಿದ ಉದಾಹರಣೆಯಿಂದಲೇ ನಾನು ಮುಂದುವರಿಯಲು ಇಚ್ಛಿಸುತ್ತೇನೆ. ನಾವು ಏನು ಮಾಡಬೇಕೆಂದು ಜನರು ಯೋಹಾನನನ್ನು ಕೇಳಿದಾಗ ಅವನು ಕೊಟ್ಟ ಉತ್ತರಗಳು ಲೂಕನ 3ನೆಯ ಅಧ್ಯಾಯದಲ್ಲಿವೆ. ಎರಡು ಅಂಗಿಗಳಿರುವವನು ಇಲ್ಲದವನಿಗೆ ಒಂದನ್ನು ಕೊಡಲಿ. ಸುಂಕದವರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡಬಾರದು. ಸಿಪಾಯಿಗಳು ಬೆದರಿಸಿ ದುಡ್ಡು ಕಿತ್ತುಕೊಳ್ಳದೆ ತಮ್ಮ ಸಂಬಳದಲ್ಲಿ ತೃಪ್ತರಾಗಿರಬೇಕು. ಯೋಹಾನನ ಮಾತು ಎಷ್ಟು ಕಠಿಣವೋ ಅಷ್ಟೇ ನಿರ್ದಿಷ್ಟ. ಕೇಳಿಸಿಕೊಂಡವನು ಮನೆಗೆ ಹೋಗುವಾಗ ತಾನು ಏನು ಮಾಡಬೇಕೆಂಬುದನ್ನು ಖಚಿತವಾಗಿ ತಿಳಿದುಕೊಂಡು ಹೋದನು. ನಿನ್ನಲ್ಲಿ ಯಾವುದೋ ಪಾಪವಿದೆ, ಹುಡುಕಿಕೋ ಎಂಬ ಮಾತಿನಿಂದ ಮನುಷ್ಯನು ತನ್ನೊಳಗೆ ತಾನೇ ಅಲೆಯುತ್ತಾನೆಯೇ ಹೊರತು ದೇವರ ಕಡೆಗೂ ನೆರೆಯವನ ಕಡೆಗೂ ಒಂದು ಹೆಜ್ಜೆಯನ್ನೂ ಇಡುವುದಿಲ್ಲ.

ಅರಸ ದಾವೀದನ ಬಳಿಗೆ ಪ್ರವಾದಿ ನಾತಾನನು ಬಂದದ್ದನ್ನೂ ನೆನಪಿಸಿಕೊಳ್ಳಬೇಕು. ಪರರ ಹೆಂಡತಿ ಬತ್ಷೆಬೆಯ ವಿಷಯದಲ್ಲಿಯೂ ಆಕೆಯ ಗಂಡ ಊರೀಯನ ಕೊಲೆಯ ವಿಷಯದಲ್ಲಿಯೂ ಅರಸನ ಅಪರಾಧ ನಾತಾನನಿಗೆ ತಿಳಿದಿತ್ತು. ಅವನು ಊಹೆಯಿಂದ ಮಾತನಾಡಲಿಲ್ಲ. ಎದುರಿಗೆ ಕುಳಿತಿದ್ದವನು ಪ್ರಾಣ ತೆಗೆಸುವ ಅಧಿಕಾರವುಳ್ಳ ಅರಸನಾದ್ದರಿಂದ ಆ ಮಾತಿಗೆ ಧೈರ್ಯ ಬೇಕಿತ್ತು. ರೋಗಿಯ ಹೆಂಡತಿಯೊಬ್ಬಳು ಕುಳಿತಿರುವ ಕೋಣೆಯಲ್ಲಿ ಪಾಪದ ಕುರಿತು ಸಾಮಾನ್ಯವಾಗಿ ಗುಡುಗುವುದಕ್ಕೆ ಅಂಥ ಧೈರ್ಯವೇನೂ ಬೇಡ.

ನಾನು ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಮಕ್ಕಳನ್ನು ಪಾಪನಿವೇದನೆಗೆ, ಅಂದರೆ ಗುರುಗಳ ಮುಂದೆ ಪಾಪ ಹೇಳಿ ಕ್ಷಮೆ ಪಡೆಯುವ ಸಂಸ್ಕಾರಕ್ಕೆ, ಸಿದ್ಧಗೊಳಿಸುವವಳು. ಮಕ್ಕಳು ಮೊದಲು ಕೇಳುವುದು, ಎಷ್ಟು ಪಾಪ ಹೇಳಬೇಕು ಟೀಚರ್ ಎಂದು. ದೊಡ್ಡವರಲ್ಲಿಯೂ ಈ ಲೆಕ್ಕದ ಬುದ್ಧಿ ಉಳಿದುಕೊಂಡಿರುವುದನ್ನು ಕಾಣುತ್ತೇನೆ. ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬ ನಿಯಮವನ್ನು 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ ಮಾಡಿತು. ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚೆ ನಮ್ಮ ಇಗರ್ಜಿಗಳಲ್ಲಿ ಕಾಣುವ ಉದ್ದದ ಸಾಲಿನ ಹಿಂದೆ ಆ ನಿಯಮವಿದೆ. ಆದರೆ 1551ರಲ್ಲಿ ಟ್ರೆಂಟ್ ಮಹಾಸಭೆ ಪಶ್ಚಾತ್ತಾಪಿಯು ಮಾಡಬೇಕಾದದ್ದನ್ನು ವಿವರಿಸಿದಾಗ ನಿವೇದನೆಯನ್ನು ಮಾತ್ರ ಹೇಳಿ ಬಿಡಲಿಲ್ಲ. ಹೃದಯದ ದುಃಖವೂ ನಿವೇದನೆಯೂ ಪರಿಹಾರವೂ ಸೇರಬೇಕೆಂದಿತು. ನಮ್ಮಲ್ಲಿ ಬಹುಮಟ್ಟಿಗೆ ಬಿಟ್ಟುಹೋಗಿರುವುದು ಈ ಕೊನೆಯದು. ಮೂರು ಸಲ ನಮೋ ಮರಿಯ ಹೇಳಿದರೆ ಪರಿಹಾರವಾಯಿತೆಂದು ತಿಳಿಯುತ್ತೇವೆ. ಧರ್ಮಸಭೆಯ ಬೋಧನೆ ಹಾಗಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು, ಮಾಡಿದ ಗಾಯಕ್ಕೆ ಸಾಧ್ಯವಾದಷ್ಟು ತುಂಬಿಕೊಡಬೇಕು. ಪಾಪಕ್ಷಮೆ ಪಾಪವನ್ನು ನೀಗುತ್ತದೆ, ಆದರೆ ಅದರಿಂದ ಇನ್ನೊಬ್ಬರಿಗೆ ಆದ ಹಾನಿ ಹಾಗೆಯೇ ಉಳಿದಿರುತ್ತದೆ.

ಬಲ್ಮಠದ ಓದುಗ

ಶಿಕ್ಷಕಿಯವರ ಮಾತಿಗೆ ನಮ್ಮ ಪ್ರೊಟೆಸ್ಟೆಂಟರ ಕಡೆಯಿಂದಲೂ ಸಾಕ್ಷಿಯಿದೆ. ಲೂಥರನು 1517ರಲ್ಲಿ ಮಂಡಿಸಿದ 95 ವಾದಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕೆಂದು ಕ್ರಿಸ್ತನು ಬಯಸಿದನು ಎಂಬುದು. ಹಣ ಕೊಟ್ಟು ಕ್ಷಮಾಪತ್ರ ಪಡೆದರೆ ಮುಗಿಯಿತು ಎಂಬ ಭಾವನೆಯನ್ನು ಅವನು ಎದುರಿಸಿದನು. ನಾವು ಆ ಪತ್ರಗಳನ್ನು ಕೊಳ್ಳುವುದಿಲ್ಲ, ನಿಜ; ಆದರೆ ಭಾನುವಾರ ಬೆಳಿಗ್ಗೆ ಸಾಮೂಹಿಕ ಪಾಪದರಿಕೆಯನ್ನು ಪುಸ್ತಕ ನೋಡಿ ಓದಿದರೆ ವಾರದ ಲೆಕ್ಕ ಚುಕ್ತಾ ಆಯಿತೆಂದು ನಾವೂ ಭಾವಿಸುತ್ತೇವೆ.

ಇಲ್ಲಿ ಊರಿನ ಇತಿಹಾಸದ ಒಂದು ಮಾತನ್ನು ಹೇಳಬೇಕೆನಿಸುತ್ತದೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಮಾನಸಾಂತರದ ಕರೆಯೇ ಅವರ ಬೋಧನೆಯ ತಿರುಳು. ಆ ಕರೆಗೆ ಓಗೊಟ್ಟವರಲ್ಲಿ ಅನೇಕರು ತಮ್ಮ ಕುಟುಂಬವನ್ನೂ ಕಸುಬನ್ನೂ ಕಳೆದುಕೊಂಡರು. ಆಗ ಮಿಷನ್ನಿನವರು ಬೋಧನೆಯಿಂದ ತಮ್ಮ ಕರ್ತವ್ಯ ಮುಗಿಯಿತೆಂದು ಕೈತೊಳೆದುಕೊಳ್ಳಲಿಲ್ಲ. ನೇಯ್ಗೆ, ಮುದ್ರಣ, 1865ರಲ್ಲಿ ಜೆಪ್ಪಿನ ಹೆಂಚಿನ ಕಾರ್ಖಾನೆ ಎಂದು ಒಂದೊಂದಾಗಿ ಆರಂಭಿಸಿ ಅವರ ಹೊಟ್ಟೆಪಾಡಿಗೆ ದಾರಿ ಮಾಡಿದರು. ಆ ಉದ್ಯಮಗಳ ಕುರಿತು ಬೇರೆ ಟೀಕೆಗಳಿವೆ, ಅವು ಇಲ್ಲಿ ಬೇಡ. ಜನರನ್ನು ಪಶ್ಚಾತ್ತಾಪಕ್ಕೆ ಕರೆಯುವವನು ಅವರ ಬದುಕಿನ ಭಾರಕ್ಕೂ ಹೆಗಲು ಕೊಡಬೇಕು ಎಂಬುದನ್ನು ಅವರು ಅರಿತಿದ್ದರು ಎಂಬುದಷ್ಟೇ ನನ್ನ ಮಾತು.

ಕಟಪಾಡಿಯ ಸಹೋದರಿ

ಜೆಪ್ಪಿನ ಹಿರಿಯರೇ, ನಿಮ್ಮ ಪ್ರಶ್ನೆ ಓದಿದ ಮೇಲೆ ನಾನೂ ವಾರ್ಡಿನ ಇನ್ನೊಬ್ಬರೂ ಆಕೆಯ ಮನೆಗೆ ಹೋಗಿಬಂದೆವು. ಬೋಧಕರ ವಿಷಯವನ್ನು ನಾವು ಎತ್ತಲಿಲ್ಲ, ಆಕೆಯೇ ಎತ್ತಿದರು. ಆ ರಾತ್ರಿ ಆಕೆ ತಾನು ಮದುವೆಯಾದಂದಿನಿಂದ ಮಾಡಿದ್ದನ್ನೆಲ್ಲ ನೆನಪಿಸಿಕೊಂಡು, ಯಾವುದಕ್ಕಾಗಿ ಈ ಶಿಕ್ಷೆ ಎಂದು ಹುಡುಕುತ್ತಾ ಕುಳಿತಿದ್ದರಂತೆ. ಈಗ ಪ್ರಾರ್ಥಿಸಲು ಕುಳಿತರೆ ಮಾತೇ ಬರುವುದಿಲ್ಲ ಎಂದರು. ನಮಗೂ ಏನು ಹೇಳಬೇಕೆಂದು ತೋಚಲಿಲ್ಲ. ಡಯಾಲಿಸಿಸ್‌ಗೆ ಹೋಗುವ ದಿನಗಳಲ್ಲಿ ಸರದಿಯಂತೆ ನಮ್ಮಲ್ಲೊಬ್ಬರು ಕಾರಿನಲ್ಲಿ ಕರೆದೊಯ್ಯುವುದೆಂದು ಮಾತಾಯಿತು.

ಜೆಪ್ಪಿನ ಹಿರಿಯ

ಒಳ್ಳೆಯದಾಯಿತು. ಮಾತು ಬಾರದಿದ್ದರೆ ಚಿಂತೆಯಿಲ್ಲವೆಂದು ಆಕೆಗೆ ಹೇಳಿ. ತಕ್ಕಂತೆ ಪ್ರಾರ್ಥಿಸುವುದನ್ನು ಅರಿಯದ ನಮಗಾಗಿ ಪವಿತ್ರಾತ್ಮರೇ ಮಾತಿಗೆ ನಿಲುಕದ ನರಳಾಟದಿಂದ ಬೇಡುತ್ತಾರೆಂದು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿದೆ. ಆಕೆ ಓದಲು ಬಯಸಿದರೆ 88ನೆಯ ಕೀರ್ತನೆಯನ್ನು ಕೊಡಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ, ಆದರೂ ಅದು ಪವಿತ್ರ ಗ್ರಂಥದ ಒಳಗಿದೆ. ಅಂಥ ಪ್ರಾರ್ಥನೆಯನ್ನೂ ದೇವರು ತಮ್ಮದಾಗಿ ಇಟ್ಟುಕೊಂಡಿದ್ದಾರೆ.

ಮೂಡುಬಿದಿರೆಯ ಮಗ

ಈ ಚರ್ಚೆಯನ್ನು ಮೌನವಾಗಿ ಓದುತ್ತಿದ್ದೆ. ಪರಿಹಾರದ ಕುರಿತು ಶಿಕ್ಷಕಿಯವರು ಬರೆದದ್ದರಿಂದ ನಾನು ಕೇಳಲೇಬೇಕಾಗಿದೆ. ನಮ್ಮ ಅಜ್ಜ ಉಯಿಲು ಬರೆಯದೆ ತೀರಿಕೊಂಡರು. ಮನೆ, ತೆಂಗಿನ ತೋಟ, ಸ್ವಲ್ಪ ಅಡಿಕೆ ಇತ್ತು. ನನ್ನ ತಂದೆಗೆ ಒಬ್ಬಳೇ ತಂಗಿ, ಮುಂಬಯಿಯಲ್ಲಿದ್ದಾರೆ. ಅತ್ತೆ ಊರಿಗೆ ಬಂದಿದ್ದಾಗ ನನ್ನ ತಂದೆ ಹಕ್ಕು ಬಿಡುಗಡೆ ಪತ್ರಕ್ಕೆ ಅವರ ಸಹಿ ಮಾಡಿಸಿಕೊಂಡರು. ಮದುವೆಗೆ ಚಿನ್ನ ಕೊಟ್ಟಾಗಿದೆ, ಇನ್ನೇನು ಎಂಬುದೇ ಮನೆಯಲ್ಲಿ ಎಲ್ಲರ ಮಾತಾಗಿತ್ತು. ಈಗ ತಂದೆಯೂ ಇಲ್ಲ. ಜಾಗ ನನ್ನ ಹೆಸರಿಗೆ ಬಂದಿದೆ, ರಸ್ತೆ ಅಗಲವಾದ ಮೇಲೆ ಅದರ ಬೆಲೆಯೂ ಏರಿದೆ. ಅತ್ತೆ ಈವರೆಗೆ ಏನನ್ನೂ ಕೇಳಿಲ್ಲ. ಏನು ಮಾಡಬೇಕೆಂದು ತೋರಿಸಿಕೊಡು ಎಂದು ಬಹಳ ಕಾಲದಿಂದ ಪ್ರಾರ್ಥಿಸುತ್ತಿದ್ದೇನೆ, ಯಾವ ಉತ್ತರವೂ ಬಂದಿಲ್ಲ. ಇದು ಯಾವ ಮೌನ?

ಕಲ್ಯಾಣಪುರದ ಶಿಕ್ಷಕಿ

ಮಗನೇ, ವಯಸ್ಸಿನಲ್ಲಿ ಹಿರಿಯಳೆಂಬ ಸಲುಗೆಯಿಂದ ಹಾಗೆ ಕರೆಯುತ್ತಿದ್ದೇನೆ. ನೀನು ಕೇಳಿದ್ದು ಕಟಪಾಡಿಯ ಸಹೋದರಿಯವರ ಎರಡನೆಯ ಪ್ರಶ್ನೆಗೆ ಹತ್ತಿರವಾಗಿರುವುದರಿಂದ ಇಬ್ಬರಿಗೂ ಸೇರಿಸಿ ಬರೆಯುತ್ತೇನೆ.

ದೇವರ ಮಾತಿಗೆ ಕಿವಿಗೊಡುವುದೆಂದರೆ ಹೊಸದೊಂದು ಸಂದೇಶಕ್ಕಾಗಿ ಕಾಯುವುದೆಂದು ನಾವು ತಿಳಿಯುತ್ತೇವೆ. ಅಂಥ ಸಂದೇಶ ಬರುವುದೇ ಇಲ್ಲವೆಂದು ನಾನು ಹೇಳಲಾರೆ. ಆದರೆ ದೇವರು ಆಗಲೇ ಹೇಳಿರುವುದು ಬಹಳಷ್ಟಿದೆ, ಅದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ, ಬಲಿಪೂಜೆಯಲ್ಲಿ ಪ್ರತಿವರ್ಷ ಓದುವುದನ್ನು ಕೇಳುತ್ತೇವೆ. ಮತ್ತಾಯನ 5ನೆಯ ಅಧ್ಯಾಯದಲ್ಲಿ ಯೇಸು ಹೇಳುವುದೇನು? ನೀನು ಕಾಣಿಕೆಯನ್ನು ಬಲಿಪೀಠದ ಬಳಿ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ವಿಷಯವಾಗಿ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ಸಮಾಧಾನವಾಗು. ಇಲ್ಲಿ ನೆನಪಾಗುವುದೇ ದೇವರು ಮಾತನಾಡಿದ್ದು. ಅತ್ತೆಯ ನೆನಪು ನಿನಗೆ ಪ್ರಾರ್ಥನೆಯಲ್ಲಿ ಮತ್ತೆ ಮತ್ತೆ ಬರುತ್ತಿದೆಯಲ್ಲ, ಉತ್ತರ ಬಂದಿಲ್ಲವೆಂದು ನೀನು ಹೇಗೆ ಹೇಳುತ್ತೀಯೆ?

ಆದ್ದರಿಂದ ಮೌನಗಳು ಎರಡು ಬಗೆಯವು ಎಂದು ನನಗೆ ತೋರುತ್ತದೆ. ಕಟಪಾಡಿಯ ಆ ತಾಯಿ ಕೇಳುತ್ತಿರುವುದು ತನ್ನ ಕೈಯಲ್ಲಿಲ್ಲದ ವರ. ಅಲ್ಲಿ ದೇವರ ಮೌನ ಒಂದು ಗೂಢ, ಗೆತ್ಸೇಮನೆಯ ತೋಟದಲ್ಲಿ ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿದ ಮಗನಾದ ಯೇಸುವಿಗೂ ಎದುರಾದ ಮೌನ ಅದು. ನೀನು ಕೇಳುತ್ತಿರುವುದೋ ನಿನ್ನ ಕೈಯಲ್ಲಿಯೇ ಇರುವ ಕೆಲಸಕ್ಕೆ ಅಪ್ಪಣೆ. ಅಪ್ಪಣೆ ಹಿಂದೆಯೇ ಆಗಿದೆ. ಆ ಬೋಧಕರು ಈ ಎರಡನ್ನೂ ಒಂದೇ ಎಂದು ಹೇಳಿದ್ದರಿಂದ ಕೇಳಬೇಕಾದವರಿಗೆ ಆ ಮಾತು ಕೇಳಿಸಲಿಲ್ಲ, ಕೇಳಬಾರದವರಿಗೆ ಕೇಳಿಸಿತು.

ನೀನು ಮಾಡಿದ ತಪ್ಪಲ್ಲ ಅದು, ನಿನ್ನ ತಂದೆಯದು ಎಂದು ಯಾರಾದರೂ ಹೇಳಬಹುದು. ಆದರೆ ತೋಟದ ಫಲವನ್ನು ತಿನ್ನುತ್ತಿರುವವನು ನೀನು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡೂ ಜಿಲ್ಲೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ತವರಿನ ಬಾಗಿಲು ಮುಚ್ಚಬಾರದೆಂಬ ಒಂದೇ ಕಾರಣಕ್ಕೆ ಆ ಹಕ್ಕನ್ನು ಸಹಿಹಾಕಿ ಬಿಟ್ಟುಕೊಟ್ಟಿದ್ದಾರೆ. ಕಾನೂನಿನ ಕಣ್ಣಿಗೆ ಆ ಪತ್ರ ಊರ್ಜಿತವಾಗಿರಬಹುದು. ಸುಂಕದವರ ಮುಖ್ಯಸ್ಥನಾದ ಜಕ್ಕಾಯನ ಲೆಕ್ಕಪುಸ್ತಕವೂ ರೋಮಿನ ಅಧಿಕಾರಿಗಳ ದೃಷ್ಟಿಯಲ್ಲಿ ಸರಿಯಾಗಿಯೇ ಇದ್ದಿರಬೇಕು. ಯೇಸು ತನ್ನ ಮನೆಗೆ ಬಂದಾಗ ಅವನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೂ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟನ್ನು ಕಳೆದುಕೊಂಡವರಿಗೂ ಕೊಡುತ್ತೇನೆಂದನು. ಈ ಮನೆಗೆ ಇಂದು ರಕ್ಷಣೆಯಾಯಿತೆಂದು ಯೇಸು ಹೇಳಿದ್ದು ಆ ಮಾತಿನ ಬಳಿಕ.

ಸುರತ್ಕಲ್ಲಿನ ಸೇವಕ

ಶಿಕ್ಷಕಿಯವರು ಮಾಡಿದ ವಿಂಗಡಣೆ ನನಗೆ ಒಪ್ಪಿಗೆಯಾಯಿತು. ನಾನು ಪ್ರಸ್ತಾಪಿಸಿದ ಕಠಿಣವಾದ ಮಾತು ಯಾರಿಗೆ ಸಲ್ಲಬೇಕೆಂಬುದು ಈಗ ಇನ್ನೂ ಸ್ಪಷ್ಟವಾಗಿದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮನಸ್ಸಿಗೆ ಬಂದದ್ದೆಲ್ಲ ದೇವರ ನೆನಪಿಸುವಿಕೆಯಲ್ಲ. ನಮ್ಮ ಕೂಟಗಳಲ್ಲಿ ಕೆಲವರು, ಈ ಮದುವೆ ಮಾಡಬೇಡ, ಆ ಕೆಲಸ ಬಿಡು ಎಂದು ಕರ್ತನು ನನಗೆ ಹೇಳಿದನು ಎಂದು ಇತರರ ಬದುಕಿನ ಮೇಲೆ ಹೇರುವುದನ್ನು ನಾನೇ ಕಂಡಿದ್ದೇನೆ. ಆತ್ಮನನ್ನು ನಂದಿಸಬೇಡಿರಿ ಎಂದ ಪೌಲನೇ ಅದರ ಬೆನ್ನಿಗೆ ಎಲ್ಲವನ್ನೂ ಪರಿಶೋಧಿಸಿರಿ ಎಂದು ಬರೆದಿದ್ದಾನೆ. ಪರಿಶೋಧಿಸುವುದು ಹೇಗೆಂದು ಬಲ್ಲವರು ತಿಳಿಸಬೇಕು.

ಬಲ್ಮಠದ ಓದುಗ

ಸಹೋದರರ ಈ ಪ್ರಶ್ನೆಗೆ ಬಾಲಕ ಸಮುವೇಲನ ಕಥೆಯಲ್ಲಿ ಬಹಳಷ್ಟು ಉತ್ತರವಿದೆ. ನಾವು ಅದನ್ನು ಭಾನುವಾರ ಶಾಲೆಯಲ್ಲಿ ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ. ದೇವರು ಕರೆದಾಗ ಸಮುವೇಲನಿಗೆ ಅದು ಯಾರ ಸ್ವರವೆಂದೇ ತಿಳಿಯಲಿಲ್ಲ. ಮತ್ತೆ ಮತ್ತೆ ಯಾಜಕನಾದ ಏಲಿಯ ಬಳಿಗೆ ಓಡಿದನು. ಅದು ದೇವರ ಕರೆಯೆಂದು ಗುರುತಿಸಿದವನು ಮುದುಕನಾದ ಏಲಿ, ಅಂದರೆ ಇನ್ನೊಬ್ಬ ಮನುಷ್ಯ. ಒಬ್ಬನೇ ಕುಳಿತು ಕೇಳಿಸಿಕೊಂಡದ್ದನ್ನು ಹಿರಿಯರೊಬ್ಬರ ಮುಂದೆ ಇಡುವುದು ಅವಿಶ್ವಾಸವಲ್ಲ, ಗ್ರಂಥವೇ ತೋರಿಸುವ ಕ್ರಮ. ಆ ಮೇಲೆ ಸಮುವೇಲನು ಕೇಳಿದ್ದೇನು? ಏಲಿಯ ಮಕ್ಕಳ ದುಷ್ಟತನದ ನಿಮಿತ್ತ ಏಲಿಯ ಮನೆತನಕ್ಕೇ ಬರಲಿರುವ ನ್ಯಾಯತೀರ್ಪನ್ನು. ಬೆಳಗಾದಾಗ ಅದನ್ನು ಹೇಳಲು ಹುಡುಗ ಹೆದರಿದನು, ಏಲಿ ಒತ್ತಾಯಿಸಿ ಹೇಳಿಸಿ, ತಲೆಬಾಗಿ ಕೇಳಿದನು. ಕೇಳಿದ ಮಾತು ಕೇಳಿದವನಿಗೆ ಲಾಭ ತರಲಿಲ್ಲ, ಗೌರವ ತರಲಿಲ್ಲ, ಹೇಳುವುದಕ್ಕೆ ಕಷ್ಟವಾಯಿತು. ನನ್ನ ಇಷ್ಟಕ್ಕೆ ಸರಿಯಾಗಿ ಹೊಂದುವ ಮಾತು ದೇವರಿಂದ ಬಂತೆಂದು ನನಗೆ ಅನಿಸಿದಾಗಲೆಲ್ಲ ನಾನು ಈ ಅಧ್ಯಾಯವನ್ನು ಓದುತ್ತೇನೆ.

ಪ್ರಾಣಭಯದಿಂದ ಓಡಿ ಹೋರೇಬ್ ಬೆಟ್ಟಕ್ಕೆ ಬಂದ ಪ್ರವಾದಿ ಎಲೀಯನಿಗೆ ಆದದ್ದೂ ಹಾಗೆಯೇ. ಬಿರುಗಾಳಿ, ಭೂಕಂಪ, ಬೆಂಕಿಗಳ ಬಳಿಕ ಬಂದ ಮೆಲುದನಿಯನ್ನು ನಾವು ಬಹಳ ಪ್ರೀತಿಯಿಂದ ನೆನೆಯುತ್ತೇವೆ, ಆದರೆ ಆ ದನಿ ಹೇಳಿದ್ದೇನೆಂದು ಕೇಳಿದರೆ ಅನೇಕರಿಗೆ ತಿಳಿದಿಲ್ಲ. ಇಲ್ಲಿ ನಿನಗೇನು ಕೆಲಸ ಎಂದು ಕೇಳಿ, ಬಂದ ದಾರಿಯಲ್ಲಿಯೇ ಹಿಂದಿರುಗಿ ಹಜಾಯೇಲನನ್ನೂ ಯೇಹುವನ್ನೂ ಎಲೀಷನನ್ನೂ ಅಭಿಷೇಕಿಸು ಎಂದಿತು. ಓಡಿಬಂದವನನ್ನು ಅದು ಕೆಲಸಕ್ಕೆ ಹಿಂದೆ ಕಳುಹಿಸಿತು.

ನಮ್ಮ ಆರಾಧನಾಕ್ರಮದಲ್ಲಿಯೂ ಇದು ಅಡಗಿದೆ. 1947ರಲ್ಲಿ ದಕ್ಷಿಣ ಭಾರತ ಸಭೆ ಐಕ್ಯವಾದ ಬಳಿಕ 1950ರಲ್ಲಿ ರೂಪಿಸಿದ ಕರ್ತನ ಭೋಜನದ ಕ್ರಮದಲ್ಲಿ, ಕಾಣಿಕೆಯನ್ನು ತರುವುದಕ್ಕೆ ಮುಂಚೆ ಕೈಯಿಂದ ಕೈಗೆ ಸಮಾಧಾನವನ್ನು ಹಂಚಿಕೊಳ್ಳುವ ಪದ್ಧತಿಯನ್ನು ಇರಿಸಲಾಯಿತು. ರೋಮನ್ ಕ್ರಮದಲ್ಲಿ ಅದು ಪರಲೋಕದ ತಂದೆಯೇ ಎಂಬ ಪ್ರಾರ್ಥನೆಯಾದ ಮೇಲೆ ಬರುತ್ತದೆ. ಪಕ್ಕದ ಬೆಂಚಿನವರಿಗೆ ಕೈಜೋಡಿಸುವುದು ಸುಲಭ. ಮುಂಬಯಿಯ ಅತ್ತೆಗೆ ಆ ಕೈ ಹೇಗೆ ಮುಟ್ಟಬೇಕೆಂಬುದೇ ಮೂಡುಬಿದಿರೆಯ ಸಹೋದರರ ಪ್ರಶ್ನೆ.

ಕಲ್ಯಾಣಪುರದ ಶಿಕ್ಷಕಿ

ಪರಿಶೋಧಿಸುವ ಬಗೆಗೆ ನನ್ನ ಅನುಭವದ ಒಂದು ಮಾತು. ಸಂತ ಇಗ್ನೇಷಿಯಸರು ಕಲಿಸಿದ ಆತ್ಮಶೋಧನೆಯನ್ನು ನಾನು ರಾತ್ರಿ ಮಲಗುವ ಮುಂಚೆ ಮಾಡುತ್ತೇನೆ. ಅವರು ಸ್ಥಾಪಿಸಿದ ಯೇಸುಸಭೆಯವರ (ಜೆಸ್ವಿಟರ) ವಿದ್ಯಾಸಂಸ್ಥೆ 1880ರಿಂದ ಮಂಗಳೂರಿನಲ್ಲಿರುವುದರಿಂದ ನಮ್ಮಲ್ಲಿ ಅನೇಕರಿಗೆ ಇದು ಪರಿಚಿತ. ಅದು ಪಾಪದ ಪಟ್ಟಿಯಿಂದ ಆರಂಭವಾಗುವುದಿಲ್ಲ, ದಿನದಲ್ಲಿ ದೊರೆತ ಒಳಿತಿಗೆ ಕೃತಜ್ಞತೆಯಿಂದ ಆರಂಭವಾಗುತ್ತದೆ. ಬಳಿಕ ಬೆಳಕನ್ನು ಬೇಡಿ, ದಿನವನ್ನು ಗಂಟೆ ಗಂಟೆಯಾಗಿ ಹಿಂದಿರುಗಿ ನೋಡಿ, ಕ್ಷಮೆ ಕೇಳಿ, ನಾಳೆ ಮಾಡಬೇಕಾದದ್ದನ್ನು ನಿಶ್ಚಯಿಸುವುದು. ಮನಸ್ಸು ಕುಗ್ಗಿ ಕತ್ತಲಾಗಿರುವಾಗ ಮೊದಲು ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬೇಡ ಎಂದೂ ಆ ಸಂತರು ಹೇಳಿದ್ದಾರೆ. ನನ್ನನ್ನು ಯಾವುದೋ ಹೆಸರಿಲ್ಲದ ಭಯದಲ್ಲಿ ಸುತ್ತಿಸುವ ದೋಷಾರೋಪಣೆ ದೇವರದಲ್ಲವೆಂದು ತಿಳಿಯುತ್ತೇನೆ. ದೇವರು ತಪ್ಪನ್ನು ತೋರಿಸುವಾಗ ಅದಕ್ಕೆ ಒಂದು ಹೆಸರಿರುತ್ತದೆ, ಒಬ್ಬ ವ್ಯಕ್ತಿಯ ಮುಖವಿರುತ್ತದೆ, ಹಿಂದಿರುಗುವ ದಾರಿಯೂ ಇರುತ್ತದೆ. ಯೇಸುವನ್ನು ಅರಿಯೆನೆಂದ ಪೇತ್ರನೂ ಅವರನ್ನು ಹಿಡಿದುಕೊಟ್ಟ ಯೂದನೂ ಒಂದೇ ರಾತ್ರಿಯಲ್ಲಿ ತಪ್ಪಿದರು, ಇಬ್ಬರೂ ದುಃಖಪಟ್ಟರು, ಯೂದನು ಹಣವನ್ನು ಹಿಂದಿರುಗಿಸಿದನು ಕೂಡ. ಆದರೆ ಪೇತ್ರನು ಅತ್ತದ್ದು ಕರ್ತರು ತಿರುಗಿ ತನ್ನನ್ನು ನೋಡಿದಾಗ. ಆ ನೋಟದ ಎದುರಿಗೆ ಉಳಿದುಕೊಂಡದ್ದರಿಂದ ಅವನ ದುಃಖ ಪಶ್ಚಾತ್ತಾಪವಾಯಿತು.

ಮೂಡುಬಿದಿರೆಯ ಮಗ

ಎಲ್ಲರಿಗೂ ಕೃತಜ್ಞತೆಗಳು. ಟೀಚರ್, ನಿಮ್ಮ ಮಾತು ಓದಿದ ಮೇಲೆ ಇನ್ನು ಕಾಯುವುದಕ್ಕೆ ಕಾರಣವಿಲ್ಲವೆಂದು ಅರ್ಥವಾಗಿದೆ. ಆದರೆ ನನ್ನ ಹೆಂಡತಿಗೆ ಇದು ಇಷ್ಟವಿಲ್ಲ, ಮಕ್ಕಳ ಓದಿನ ಖರ್ಚು ಇದೆ. ಅತ್ತೆಗೆ ಫೋನ್ ಮಾಡಿ ಕ್ಷಮೆ ಕೇಳಿ, ಜಾಗದ ಮಾತನ್ನು ಮುಂದೆ ನೋಡೋಣ ಎಂದರೆ ಆಗದೇ?

ಜೆಪ್ಪಿನ ಹಿರಿಯ

ಬೇಡ ಮಗಾ. ಜಾಗದ ಮಾತಿಲ್ಲದ ಕ್ಷಮೆ ಕೇಳಿದರೆ ಅತ್ತೆಯವರು ಪ್ರೀತಿಯಿಂದ ಏನೂ ಬೇಡವೆಂದು ಹೇಳಿಬಿಡುತ್ತಾರೆ, ನೀನು ಆ ಮಾತನ್ನು ಹಿಡಿದುಕೊಂಡು ಹಗುರಾಗುತ್ತೀಯೆ, ಅವರಿಗೆ ಎರಡನೆಯ ಸಲವೂ ಅದೇ ನಡೆದಂತಾಗುತ್ತದೆ. ಬೈಬಲಿನ ಅರಣ್ಯಕಾಂಡದ 5ನೆಯ ಅಧ್ಯಾಯದಲ್ಲಿ, ಅಪರಾಧಿಯು ತನ್ನ ಪಾಪವನ್ನು ಅರಿಕೆಮಾಡಿ, ನಷ್ಟವನ್ನು ಪೂರ್ತಿ ಕಟ್ಟಿಕೊಟ್ಟು, ಅದರ ಮೇಲೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕೆಂದಿದೆ. ಅರಿಕೆಯೂ ಪರಿಹಾರವೂ ಅಲ್ಲಿ ಒಟ್ಟಿಗೆ ಬರುತ್ತವೆ.

ಮೊದಲು ಹೆಂಡತಿಯೊಡನೆ ಕುಳಿತು ಮಾತನಾಡು. ಆಕೆಯನ್ನು ಬದಿಗೊತ್ತಿ ಮಾಡಿದರೆ ಒಂದು ಅನ್ಯಾಯವನ್ನು ಸರಿಪಡಿಸಲು ಇನ್ನೊಂದನ್ನು ಮಾಡಿದಂತೆ. ಇಬ್ಬರೂ ಒಟ್ಟಿಗೆ ಪ್ರಾರ್ಥಿಸಿ, ಆಕೆಯ ಭಯವನ್ನು ಪೂರ್ತಿಯಾಗಿ ಕೇಳಿಸಿಕೋ, ಅದೂ ಕಿವಿಗೊಡುವುದರಲ್ಲೇ ಸೇರಿದೆ. ಬಳಿಕ ಸರ್ವೆಯವರಿಂದ ಜಾಗ ಅಳೆಸಿ, ಅರ್ಧ ಎಷ್ಟೆಂದು ಕಾಗದದಲ್ಲಿ ಬರೆದುಕೋ. ಒಮ್ಮೆಗೆ ಕೊಡಲಾಗದಿದ್ದರೆ ಯಾವ ಕ್ರಮದಲ್ಲಿ ಕೊಡುತ್ತೀರೆಂದು ಅದರಲ್ಲೇ ಬರೆಯಿರಿ. ಆ ಕಾಗದವನ್ನು ತೆಗೆದುಕೊಂಡು ಇಬ್ಬರೂ ಮುಂಬಯಿಗೆ ಹೋಗಿ. ನಿಮ್ಮ ಮಾತು ಮುಗಿದ ಮೇಲೆ ಅತ್ತೆಯವರು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಿ, ಅವರು ಕೋಪಿಸಿಕೊಂಡರೂ ಸರಿ, ಹಳೆಯದನ್ನೆಲ್ಲ ಎತ್ತಿ ಅತ್ತರೂ ಸರಿ.

ಮೂಡುಬಿದಿರೆಯ ಮಗ

ಆಗಲಿ. ಹೆಂಡತಿಗೆ ಈ ಚರ್ಚೆಯನ್ನು ಓದಲು ಕೊಟ್ಟಿದ್ದೇನೆ. ಅಜ್ಜನ ಹೆಸರಿನ ಹಳೆಯ ಪಹಣಿ ಪತ್ರ ಅತ್ತೆಯ ಬಳಿ ಇರಬಹುದೆಂದು ಆಕೆಯೇ ಹೇಳಿದಳು. ಸರ್ವೆಗೆ ಅರ್ಜಿ ಕೊಡುವುದಕ್ಕೆ ಸೋಮವಾರ ತಾಲೂಕು ಕಚೇರಿಗೆ ಹೋಗುತ್ತೇನೆ.